ಸೂರ್ಯನಿಲ್ಲದ ಬಿನ್ನವತ್ತಳೆ

ಪಂಡಿತರನ್ನು ಮಣ್ಣು ಮಾಡಿ ಬಂದ ಮೂರನೆಯ ದಿನ, ತಿ. ನರಸೀಪುರದಲ್ಲಿ ನಮ್ಮ ಕಚೇರಿಯ ಎದುರಿನ ಟೀ ಅಂಗಡಿಯಲ್ಲಿ ಕೂತಿದ್ದಾಗ ಜೊತೆಯ ಗುಮಾಸ್ತರೊಬ್ಬರು, "ಒಂದ್ಸಲ ಪಂಡಿತ್ರ ಥರ ಮಾತಾಡೋ, ಕಿವಿಗೆ ಬೀಳ್ಲಿ" ಎಂದರು. ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಆ ಅಂಗಡಿಯ ಬೆಂಚಿನ ಮೇಲೆ ನಾನು ಏಳೆಂಟು ವರ್ಷ, ದಿನಕ್ಕೆ ಹತ್ತು ನಿಮಿಷದಂತೆ, ಪಂಡಿತರಾಗಿ ಬಾಳಿದ್ದೇನೆ. ತಾಲ್ಲೂಕಿನಲ್ಲಿ ನಾನು ಅಣಕಿಸದೆ ಬಿಟ್ಟವರು ಕಡಿಮೆ. ನಮ್ಮ ಸಾಹೇಬರು, ಸಾಹೇಬರ ಜೀಪು ಚಳಿಗಾಲದ ಬೆಳಿಗ್ಗೆ ಸ್ಟಾರ್ಟ್ ಆಗುವುದು, ನನ್ನನ್ನು ಹೆಣ್ಣು ನೋಡಲು ಕರೆದುಕೊಂಡು ಹೋದ ಸೋದರಮಾವ, ಆ ಹೆಣ್ಣು ನನ್ನನ್ನು ನೋಡಿ ಒಳಗೆ ಹೋಗಿ ತಾಯಿಯ ಹತ್ತಿರ ಪಿಸುಗುಟ್ಟಿದ್ದು, ಎಲ್ಲವೂ ನನ್ನ ಐಟಮ್ಮುಗಳೇ. ಅದರಲ್ಲೆಲ್ಲ ಪಂಡಿತರದೇ ಮೇನ್ ಐಟಮ್ಮು. ಅವತ್ತು ಮಾತ್ರ ಗಂಟಲು ಕಟ್ಟಿದೆ ಎಂದು ಸುಳ್ಳು ಹೇಳಿ, ಟೀ ಅರ್ಧಕ್ಕೇ ಬಿಟ್ಟು ಎದ್ದು ಬಂದೆ.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಹೆಸರಿನ ಬಗ್ಗೆ ಅವರದೇ ಒಂದು ಪರೀಕ್ಷೆಯಿತ್ತು. "ಒಬ್ಬರ ಬಗ್ಗೆ ಬರೆದ ಮೇಲೆ ಹೆಸರಿನ ಮೇಲೆ ಹೆಬ್ಬೆಟ್ಟಿಟ್ಟು ಮುಚ್ಚಿ ಓದಬೇಕು ಕಣಯ್ಯಾ. ಆಗಲೂ ಆ ಮನುಷ್ಯ ಕಂಡರೆ ಅದು ಬರವಣಿಗೆ. ಕಾಣದೆ ಹೋದರೆ ಹಾಳೆ ಖರ್ಚು." ನಾನು ಹೆಬ್ಬೆಟ್ಟು ಇಟ್ಟುಕೊಂಡೇ ಬರೆಯಲು ಕೂತಿದ್ದೇನೆ.

ಅವರದು ಪಂಡಿತರ ಹುದ್ದೆಯೇನಲ್ಲ. ಹೆಮ್ಮರಗಾಲದ ಒಕ್ಕಲುಮನೆಯಲ್ಲಿ ಹುಟ್ಟಿ, ಕನ್ನಡ ಎಂ.ಎ. ಮಾಡಿಕೊಂಡು, ಮೇಷ್ಟ್ರ ಕೆಲಸಕ್ಕೆ ಕಾದು ಕಾದು, ಕೊನೆಗೆ ಎರಡನೇ ದರ್ಜೆ ಗುಮಾಸ್ತರಾಗಿ ನಮ್ಮ ಕಚೇರಿಗೆ ಬಂದವರು. ಬರುವಾಗ ಅಲಂಕಾರಶಾಸ್ತ್ರವನ್ನು ಹೊರಗೆ ಬಿಟ್ಟು ಬರಲಿಲ್ಲ. ಕಡತದ ಮೇಲೆ ಟಿಪ್ಪಣಿ ಬರೆಯುವಾಗಲೂ ಪದ ಸಿಗದಿದ್ದರೆ ಎಡಗಿವಿಯ ತುದಿಯನ್ನು ಹಿಡಿದು ಎಳೆಯುತ್ತಿದ್ದರು. ಸಿಕ್ಕ ಕೂಡಲೇ ಬಿಡುತ್ತಿದ್ದರು. ಇಪ್ಪತ್ತೈದು ವರ್ಷದ ಸರ್ವೀಸಿನಲ್ಲಿ ಎಡಗಿವಿ ಬಲಗಿವಿಗಿಂತ ಒಂದು ನೂಲು ಉದ್ದವಾಗಿತ್ತು ಎಂದು ನಾನು ಟೀ ಅಂಗಡಿಯಲ್ಲಿ ಪ್ರಚಾರ ಮಾಡಿದ್ದೆ, ಜನ ನಂಬಿದ್ದರು. ಹಣೆಯ ಮೇಲೆ ಮೂರು ಗೆರೆ ವಿಭೂತಿ, ವಾಚಿನ ಬೆಲ್ಟಿನಡಿ ಮಡಚಿಟ್ಟ ಬಸ್ ಟಿಕೆಟು, ಮಾತಿಗೆ ಮೊದಲು ಎರಡು ಸಲ "ಹ್ಹೂಂ, ಹ್ಹೂಂ". ಆಮೇಲೆ "ಅಂದರೇ..." ಎಂದು ಎಳೆದು, ಮುಂದಿನ ಮಾತಿನ ಕೆಳಗೆ ಗಾಳಿಯಲ್ಲೇ ಬೆರಳಿನಿಂದ ಒಂದು ಗೀಟು. ಮಹಾಪ್ರಾಣಗಳನ್ನು ಅವರು ಉಚ್ಚರಿಸುವಾಗ ಎದುರಿನ ಹಾಳೆ ಅಲ್ಲಾಡುತ್ತಿತ್ತು.

ತೊಂಬತ್ತರ ದಶಕದ ಕೊನೆಯಲ್ಲಿ, ಅಪ್ಪ ತೀರಿಕೊಂಡು ಅನುಕಂಪದ ಮೇಲೆ ಕೆಲಸ ಸಿಕ್ಕಿ ನಾನು ಆ ಕಚೇರಿ ಸೇರಿದೆ. ಬಿ.ಎ.ಯಲ್ಲಿ ಒಂದೇ ಒಂದು ಪತ್ರಿಕೆ ಉಳಿದಿತ್ತು. ಕಾವ್ಯಮೀಮಾಂಸೆ. ಎರಡು ಸಲ ಕಟ್ಟಿ ಎರಡು ಸಲವೂ ಡುಮ್ಕಿ. ಪಂಡಿತರ ಬಾಡಿಗೆ ಮನೆಯೂ ನಮ್ಮ ಮನೆಯೂ ನಂಜನಗೂಡಿನಲ್ಲೇ. ಇಬ್ಬರೂ ಒಂದೇ ಬಸ್ಸು. ವಿಷಯ ಗೊತ್ತಾದ ಮಾರನೆಯ ದಿನವೇ ಪಕ್ಕದ ಸೀಟಿನಲ್ಲಿ ಕೈಚೀಲ ಇಟ್ಟು ಜಾಗ ಹಿಡಿದಿದ್ದರು.

"ಕಂಡಕ್ಟರು ಹುಲಿಯಂತೆ ಗರ್ಜಿಸಿದನು. ಬಿಡಿಸಿ ಹೇಳು."

"ಉಪಮಾಲಂಕಾರ ಸಾರ್."

"ಹೆಸರು ಹೇಳಿದರೆ ಮುಗೀತಾ? ಯಾವುದನ್ನ ಹೋಲಿಸಿದೆ, ಯಾವುದಕ್ಕೆ ಹೋಲಿಸಿದೆ, ಎರಡಕ್ಕೂ ಸಮಾನವಾದ ಗುಣ ಯಾವುದು, ಹೋಲಿಕೆಯ ಪದ ಯಾವುದು. ನಾಲ್ಕು ಕಾಲು. ಒಂದು ಮುರಿದರೂ ಮಂಚ ಅಲ್ಲಾಡುತ್ತೆ."

"ಕಂಡಕ್ಟರು ಉಪಮೇಯ, ಹುಲಿ ಉಪಮಾನ, ಗರ್ಜನೆ ಸಮಾನಧರ್ಮ, ಅಂತೆ ಅನ್ನೋದು ವಾಚಕಪದ."

ಕಂಡಕ್ಟರ್ ಅಷ್ಟರಲ್ಲಿ ನಮ್ಮ ತಲೆಯ ಮೇಲೆಯೇ ನಿಂತಿದ್ದ. "ನನ್ ವಿಸ್ಯ ಏನ್ರೀ ಅದು?"

"ನಿಮ್ಮನ್ನ ಹುಲಿ ಅಂತ ಹೇಳ್ತಿದ್ದೀವಿ" ಎಂದರು ಪಂಡಿತರು.

"ಉಲಿನೋ ಇಲಿನೋ, ಚಿಲ್ರೆ ಕೊಡಿ ಸಾ ಮೊದ್ಲು."

ಪಂಡಿತರು ಚಿಲ್ಲರೆ ಕೊಟ್ಟು, ಟಿಕೆಟನ್ನು ವಾಚಿನಡಿಗೆ ಸಿಕ್ಕಿಸಿ, ಏನೂ ಆಗದವರಂತೆ ಮುಂದುವರಿಸಿದರು. "ಈಗ, ಕಂಡಕ್ಟರೇ ಹುಲಿ ಅಂದರೆ ರೂಪಕ. ಹೋಲಿಕೆ ಹೋಯಿತು, ಎರಡೂ ಒಂದೇ ಆದವು. ರೂಪಕ ಮಾಡುವಾಗ ಹುಷಾರು ಕಣಯ್ಯಾ. ಉಪಮೆಯಲ್ಲಿ ಮನುಷ್ಯನಿಗೆ ವಾಪಸ್ ಬರೋಕೆ ದಾರಿ ಇರುತ್ತೆ. ರೂಪಕದಲ್ಲಿ ಇಲ್ಲ. ಇವರು ಹುಲಿಯಾಗಿಬಿಟ್ಟರೆ ಟಿಕೆಟ್ ಹರಿಯೋರು ಯಾರು?"

ಹೀಗೆ ಒಂದೊಂದೇ. ಊರಲ್ಲೆಲ್ಲ ಜನ ಉತ್ಪ್ರೇಕ್ಷೆ ಎಂದರೆ ಬುರುಡೆ ಬಿಡುವುದು ಎಂದುಕೊಂಡಿರುವುದು ಅವರಿಗೆ ದೊಡ್ಡ ಸಂಕಟ. "ಬುರುಡೆ ಬಿಡೋದು ಅತಿಶಯೋಕ್ತಿ. ಉತ್ಪ್ರೇಕ್ಷೆ ಅಂದರೆ ಊಹೆ. ನೋಡು, ಹೊಳೆ ಎಷ್ಟು ನಿಧಾನ ಹರೀತಿದೆ. ಮುಂದೆ ಕಾವೇರಿಗೆ ಸೇರಿದ ಮೇಲೆ ತನ್ನ ಹೆಸರು ಹೋಗುತ್ತಲ್ಲಾ ಎಂದು ಕಾಲೆಳೆಯುತ್ತಿದೆಯೋ ಎಂಬಂತೆ. ಇದು ಉತ್ಪ್ರೇಕ್ಷೆ. ಪಾಪ, ಇದರಲ್ಲಿ ಬುರುಡೆ ಎಲ್ಲಿದೆ?" ಆ ಕಪಿಲೆಯನ್ನು ನಾನು ಹುಟ್ಟಿದಾಗಿನಿಂದ ನೋಡಿದ್ದೆ. ಅದಕ್ಕೂ ಒಂದು ಮನಸ್ಸಿರಬಹುದು ಎಂದು ಅವತ್ತಿನವರೆಗೆ ಹೊಳೆದಿರಲಿಲ್ಲ. ಆ ವರ್ಷ ಪತ್ರಿಕೆ ಪಾಸಾಯಿತು.

ಪಂಡಿತರ ನಿಜವಾದ ಕೀರ್ತಿ ಇದ್ದದ್ದು ಬಿನ್ನವತ್ತಳೆಗಳಲ್ಲಿ. ಕಚೇರಿಯಿಂದ ವರ್ಗವಾಗಿ ಹೋಗುವವರಿಗೆ, ನಿವೃತ್ತರಾಗುವವರಿಗೆ ಬೀಳ್ಕೊಡುಗೆಯ ದಿನ ಒಂದು ಹೊಗಳಿಕೆಯ ಪತ್ರವನ್ನು ಎಲ್ಲರೆದುರು ಓದಿ, ಗಾಜಿನ ಚೌಕಟ್ಟು ಹಾಕಿಸಿ ಕೈಗೆ ಕೊಡುವ ಪದ್ಧತಿ ನಮ್ಮಲ್ಲಿದೆ. ಆಸ್ಪತ್ರೆ, ಶಾಲೆ, ಬ್ಯಾಂಕು, ಯಾವುದೇ ಇರಲಿ, ನರಸೀಪುರದಲ್ಲಿ ಅದನ್ನು ಬರೆಯುವವರು ಪಂಡಿತರೇ. ಬರೆಸಲು ಬಂದವರಿಗೆ ಅವರು ಕೇಳುತ್ತಿದ್ದ ಮೊದಲ ಪ್ರಶ್ನೆ, "ಅವರು ಬೆಳಿಗ್ಗೆ ಎಷ್ಟು ಗಂಟೆಗೆ ಬರ್ತಿದ್ರು?" ಬಂದವರು ತಡಬಡಾಯಿಸಿದರೆ, "ಸರಿ, ಸೂರ್ಯನನ್ನ ಹಾಕೋಣ" ಎನ್ನುತ್ತಿದ್ದರು. ಮನುಷ್ಯನ ಬಗ್ಗೆ ಏನೂ ಗೊತ್ತಿಲ್ಲದಾಗ ಸೂರ್ಯ, ಸಾಗರ, ಕಲ್ಪವೃಕ್ಷ. ಒಂದಿಷ್ಟು ಗೊತ್ತಿದ್ದರೆ ಉಪಮೆ. ಬಹಳ ಗೊತ್ತಿದ್ದು, ಆ ಗೊತ್ತಿದ್ದದ್ದು ಹೇಳುವಂಥದ್ದಲ್ಲವಾದರೆ ವ್ಯಾಜಸ್ತುತಿ, ಅಂದರೆ ಹೊಗಳಿಕೆಯ ಬಟ್ಟೆ ಹಾಕಿಕೊಂಡ ಬೈಗುಳ. ಒಬ್ಬ ಸಾಹೇಬರಿಗೆ ಅವರು ಬರೆದದ್ದು ಇನ್ನೂ ನನಗೆ ಬಾಯಿಪಾಠ. "ತಮ್ಮ ಮೇಜಿಗೆ ಬಂದ ಯಾವ ಕಡತವನ್ನೂ ತಾವು ಅವಸರದಿಂದ ತೆರೆದು ಅವಮಾನಿಸಲಿಲ್ಲ. ತಮ್ಮ ದರ್ಶನಕ್ಕಾಗಿ ಜನರು ದಿನಗಟ್ಟಲೆ ಹೊರಗೆ ಕಾದು ಧನ್ಯರಾದರು." ಸಾಹೇಬರು ಕಣ್ಣೊರೆಸಿಕೊಂಡು, ಇನ್ನೆರಡು ಪ್ರತಿ ಮಾಡಿಸಿಕೊಡಿ ಎಂದು ಕೇಳಿ ತೆಗೆದುಕೊಂಡು ಹೋದರು.

"ಒಳ್ಳೆಯವರಿಗೆ ಏನು ಸಾರ್?" ಎಂದು ಒಮ್ಮೆ ಬಸ್ಸಿನಲ್ಲಿ ಕೇಳಿದೆ.

ಕಿವಿ ಎಳೆಯುತ್ತ ಬಹಳ ಹೊತ್ತು ಕೂತರು. "ಸ್ವಭಾವೋಕ್ತಿ" ಎಂದರು. "ಇದ್ದದ್ದನ್ನ ಇದ್ದ ಹಾಗೇ, ಕಣ್ಣಿಗೆ ಕಟ್ಟೋ ಹಾಗೆ ಹೇಳೋದು. ಎಲ್ಲಕ್ಕಿಂತ ಕಷ್ಟ ಅದು. ಹುಲಿ, ಸೂರ್ಯ, ಯಾರೂ ಸಹಾಯಕ್ಕೆ ಬರಲ್ಲ."

"ಇದ್ದ ಹಾಗೆ ಹೇಳಿದ್ರೆ ಅದು ಅಲಂಕಾರ ಹೇಗಾಗುತ್ತೆ?"

"ಒಡವೆ ಹಾಕದೇನೇ ಚೆನ್ನಾಗಿ ಕಾಣೋರನ್ನ ನೀನು ನೋಡಿಲ್ವೇನಯ್ಯಾ?"

"ನಮ್ಮನೇಲಿ ಕನ್ನಡಿ ಇದೆಯಲ್ಲ ಸಾರ್."

ನಕ್ಕರು. "ಇಲ್ಲೀವರೆಗೂ ಒಂದೂ ಬರೆದಿಲ್ಲ ಕಣಯ್ಯಾ. ಅಂಥೋರು ಯಾರೂ ರಿಟೈರ್ ಆಗ್ಲಿಲ್ಲ."

ಎರಡು ವರ್ಷ ಕಳೆದ ಮೇಲೆ ಆದರು. ನಮ್ಮ ಅಟೆಂಡರ್ ಪುಟ್ಟಮಾದಯ್ಯ. ಕವಲಂದೆಯವರು. ಮೂವತ್ತು ವರ್ಷ ಅದೇ ಕಚೇರಿಯಲ್ಲಿದ್ದು, ಎಂಟು ಜನ ಸಾಹೇಬರಿಗೆ ನೀರು ಕೊಟ್ಟು ಕಳಿಸಿದವರು. ಅವರ ಬಿನ್ನವತ್ತಳೆಯನ್ನು ಯಾರೂ ಬಂದು ಬರೆಸಬೇಕಾಗಲಿಲ್ಲ, ಪಂಡಿತರು ತಾವಾಗಿಯೇ ತೆಗೆದುಕೊಂಡರು. ಅದಕ್ಕಾಗಿ ಒಂದು ವಾರ ಮುಂಚಿನ ಬಸ್ಸಿಗೆ ಹೊರಟರು. ಜೊತೆಗೆ ನನ್ನನ್ನೂ ಎಬ್ಬಿಸಿಕೊಂಡು ಹೋದರು. ಒಂಬತ್ತೂಕಾಲಿಗೆ ಕಚೇರಿಯ ಎದುರಿನ ಕಟ್ಟೆಯ ಮೇಲೆ ಕೂತು, ಪೇಪರ್ ಓದುವ ಹಾಗೆ ನಟಿಸುತ್ತ, ಪುಟ್ಟಮಾದಯ್ಯನವರು ಬೀಗ ತೆಗೆಯುವುದನ್ನು ನೋಡುತ್ತಿದ್ದರು. ಆಮೇಲೆ ಎಷ್ಟು ಸಲ ಬರೆದು ಹರಿದರೋ. ಮುಗಿದ ದಿನ ಬಸ್ಸಿನಲ್ಲಿ ಓದಿ ತೋರಿಸಿದರು.

"ಬೆಳಿಗ್ಗೆ ಒಂಬತ್ತೂಕಾಲಿಗೆ ತಾವು ಬೀಗ ತೆಗೆಯುತ್ತಿದ್ದಿರಿ. ಮೊದಲು ಕಿಟಕಿ, ಆಮೇಲೆ ಫ್ಯಾನು. ನೆಲ ಗುಡಿಸಿ, ಮಡಕೆಗೆ ಹೊಸ ನೀರು ತುಂಬಿ, ಲೋಟಗಳನ್ನು ತೊಳೆದು ಬೋರಲು ಹಾಕುತ್ತಿದ್ದಿರಿ. ಓದು ಬಾರದವರು ಅರ್ಜಿ ಹಿಡಿದು ಬಾಗಿಲಲ್ಲಿ ನಿಂತರೆ, ಯಾರ ಹತ್ತಿರ ಎಂದು ಕೇಳದೆ ಕೈಹಿಡಿದು ಸರಿಯಾದ ಮೇಜಿಗೆ ಕರೆತರುತ್ತಿದ್ದಿರಿ. ಸಂಜೆ ಎಲ್ಲರೂ ಹೋದ ಮೇಲೆ ಪ್ರತಿ ಕುರ್ಚಿಯನ್ನೂ ಒಮ್ಮೆ ಮುಟ್ಟಿ ನೋಡಿ ಬಾಗಿಲು ಹಾಕುತ್ತಿದ್ದಿರಿ." ಹೀಗೆ ಒಂದು ಪುಟ. ಎಲ್ಲೂ ಒಂದು "ಅಂತೆ" ಇಲ್ಲ. ಸೂರ್ಯ ಇಲ್ಲ.

ಹೇಗಿದೆ ಎಂದು ಅವರು ಕೇಳಲಿಲ್ಲ. ಹಾಳೆಯನ್ನು ಮಡಚದೆ, ಎರಡು ಪುಸ್ತಕದ ನಡುವೆ ಇಟ್ಟುಕೊಂಡರು.

ಬೀಳ್ಕೊಡುಗೆಯ ದಿನ ಪಂಡಿತರಿಗೆ ನೆಗಡಿಯಾಗಿ ದನಿ ಪೂರ್ತಿ ಬಿದ್ದುಹೋಗಿತ್ತು. "ನೀನು ಓದಿಬಿಡು. ನಿಧಾನಕ್ಕೆ ಓದು" ಎಂದು ಪಿಸುದನಿಯಲ್ಲಿ ಹೇಳಿ ಹಾಳೆ ಕೊಟ್ಟರು. ವೇದಿಕೆಯ ಮೇಲೆ ಪುಟ್ಟಮಾದಯ್ಯನವರು ಮೈಸೂರು ಪೇಟ, ಶಾಲು, ಹಾರ ಹಾಕಿಕೊಂಡು, ಯಾವಾಗಲೂ ತಾವೇ ಒರೆಸುತ್ತಿದ್ದ ಸಾಹೇಬರ ಪಕ್ಕದ ಕುರ್ಚಿಯಲ್ಲಿ, ತುದಿಗೆ ಕೂತಿದ್ದರು. ಮೊದಲ ಸಾಲಿನಲ್ಲಿ ಅವರ ಹೆಂಡತಿ, ಮಗ, ಸೊಸೆ, ಕವಲಂದೆಯಿಂದ ಬಂದ ನೆಂಟರು.

ಮೊದಲ ವಾಕ್ಯ ಸರಿಯಾಗಿಯೇ ಓದಿದೆ. ಮೈಕಿನಲ್ಲಿ ನನ್ನ ದನಿ ನನಗೇ ಸಪ್ಪೆ ಅನಿಸಿತು. ಎರಡನೆಯ ವಾಕ್ಯಕ್ಕೆ ಮೊದಲು, ಬೇಕೆಂದು ಮಾಡಿದ್ದಲ್ಲ, ಆದರೆ ಬೇಡವೆಂದು ತಡೆಯಲೂ ಇಲ್ಲ, "ಹ್ಹೂಂ, ಹ್ಹೂಂ" ಎಂದುಬಿಟ್ಟೆ. ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ನನ್ನಂಥವನಿಗೆ ಒಬ್ಬ ನಕ್ಕರೆ ಸಾಕು. "ಮೊದಲು ಕಿಟಕೀ..." ಎಂದು ಎಳೆದು ಗಾಳಿಯಲ್ಲಿ ಗೀಟು ಹಾಕಿದೆ. ಇಡೀ ಹಾಲು ನಕ್ಕಿತು. ಸಾಹೇಬರೂ ನಕ್ಕರು. ಅಲ್ಲಿಂದ ಪೂರ್ತಿ ಪಂಡಿತರ ದನಿಯಲ್ಲೇ ಓದಿದೆ. "ನೆಲ ಗುಡಿಸಿ" ಎಂಬಲ್ಲಿ ನಗು, "ಲೋಟ ಬೋರಲು" ಎಂಬಲ್ಲಿ ಚಪ್ಪಾಳೆ, ಕುರ್ಚಿ ಮುಟ್ಟುವ ಕಡೆ ನಾನೇ ಹೋಗಿ ಸಾಹೇಬರ ಕುರ್ಚಿ ಮುಟ್ಟಿ ತೋರಿಸಿದೆ. ಪುಟ್ಟಮಾದಯ್ಯನವರು ಮೊದಮೊದಲು ಎಲ್ಲರ ಜೊತೆ ನಕ್ಕರು. ಆಮೇಲೆ ನಗಲಿಲ್ಲ. ನಾನು ಅದನ್ನು ನೋಡಿದೆ. ನೋಡಿಯೂ ಓದಿದೆ.

ಊಟದ ಗಲಾಟೆಯಲ್ಲಿ ಅವರು ಯಾವಾಗ ಹೊರಟರೋ ಗೊತ್ತಾಗಲಿಲ್ಲ. ಹಾರ, ಶಾಲು ತೆಗೆದುಕೊಂಡು ಹೋಗಿದ್ದರು. ಚೌಕಟ್ಟು ಮಾತ್ರ ಕುರ್ಚಿಯ ಮೇಲೆ ಇತ್ತು.

ಸಂಜೆ ಬಸ್ಸಿನಲ್ಲಿ ಪಂಡಿತರು ಅದನ್ನು ಪೇಪರಿನಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ನಂಜನಗೂಡಿನಲ್ಲಿ ಇಳಿಯುವಾಗ, ಉಳಿದಿದ್ದ ಅಷ್ಟು ದನಿಯಲ್ಲಿ, "ಚೆನ್ನಾಗಿ ಮಾಡಿದೆ ಕಣಯ್ಯಾ. ಅದಲ್ಲ ಜಾಗ" ಎಂದರು. ಅಷ್ಟೇ. ಬೈದಿದ್ದರೆ ಕ್ಷಮೆ ಕೇಳುವುದು ಸುಲಭವಾಗುತ್ತಿತ್ತು. ನಾನು ಮನೆಗೆ ಹೋಗಿ, ಈ ಭಾನುವಾರ ಕವಲಂದೆಗೆ ಹೋಗಿ ಕಾಲಿಗೆ ಬಿದ್ದು ಬರೋಣ ಎಂದುಕೊಂಡೆ. ಆ ಭಾನುವಾರ ಕ್ರಿಕೆಟ್ ಮ್ಯಾಚಿತ್ತು. ಮುಂದಿನ ಭಾನುವಾರ ಏನಿತ್ತೋ ನೆನಪಿಲ್ಲ.

ಕವಲಂದೆಗೆ ಹೋದವರು ಪಂಡಿತರು. ಚೌಕಟ್ಟು ಹಿಡಿದುಕೊಂಡು ಒಂದು ಸಲ, ಎರಡು ಸಲ, ಮೂರು ಸಲ. ಮೂರು ಸಲವೂ ಹಾಗೇ ವಾಪಸ್ ತಂದರು. ಮೂರನೆಯ ಸಲ ಹೋಗಿ ಬಂದ ಮಾರನೆಯ ಬೆಳಿಗ್ಗೆ ಬಸ್ಸಿನಲ್ಲಿ ತಾವಾಗಿಯೇ ಹೇಳಿದರು. ಪುಟ್ಟಮಾದಯ್ಯನವರು ಚಾಪೆ ಹಾಸಿ ಕೂರಿಸಿದರಂತೆ, ಟೀ ಕೊಟ್ಟರಂತೆ. ಆಮೇಲೆ ಕೇಳಿದರಂತೆ: "ನಮ್ಮಪ್ಪನ್ನೂ ನಮ್ಮಜ್ಜನ್ನೂ ಊರೋರು ಅವ್ರು ಮಾಡ್ತಿದ್ದ ಕೆಲ್ಸದ ಎಸ್ರಲ್ಲೇ ಕರೀತಿದ್ರು ಸಾ. ಗುಡ್ಸದು, ತೊಳ್ಯದು. ನಾನು ಮೂವತ್ತು ವರ್ಸ ಗೌರ್ಮೆಂಟ್ ಕೆಲ್ಸ ಮಾಡ್ಬುಟ್ಟು, ಎಂಡ್ತಿ ಮಕ್ಳ ಮುಂದೆ ಪೇಟ ಕಟ್ಕಂಡು ಕೂತಿದ್ರೆ, ಮೈಕಲ್ಲಿ ತಿರ್ಗಾ ಅದ್ನೇ ಯೋಳುಸ್ಬುಟ್ರಲ್ಲ. ಸಾಯೇಬ್ರುಗೆಲ್ಲ ಸೂರ್ಯ ಬರ್ದ್ರಿ. ನಂಗೆ ಒಂದು ದೀಪಾನೂ ಬರೀನಿಲ್ವಲ್ಲ ಸಾ ನೀವು."

ಪಂಡಿತರು ಕಿಟಕಿಯ ಹೊರಗೆ ನೋಡುತ್ತಿದ್ದರು. "ನನಗೆ ಹೊಳೀಲೇ ಇಲ್ಲ ಕಣಯ್ಯಾ. ಇದ್ದ ಹಾಗೆ ಹೇಳಿದ್ರೆ ಗೌರವ ಅಂದ್ಕೊಂಡಿದ್ದೆ. ಅದು ನಮ್ಮಂಥೋರಿಗೆ. ಇದ್ದ ಹಾಗೆ ಹೇಳಿಸಿಕೊಂಡೇ ತಲೆತಲಾಂತರ ಬದುಕಿದೋರಿಗೆ ಅದನ್ನೇ ಗಾಜು ಹಾಕಿ ಕೊಟ್ಟೆ."

"ಹೊಸದು ಬರೆದುಕೊಡಿ ಸಾರ್. ಸೂರ್ಯ, ಚಂದ್ರ, ಎಲ್ಲಾ ಹಾಕಿ."

"ಕೇಳಿದೆ. 'ಒಂದ್ಸಲ ಆಗೋದು ಅದು ಸಾ' ಅಂದ್ರು. 'ಸಭೆ ಸೇರ್ಸಿ ಯೋಳೋದ್ನ ಮನ್ಗೆ ತಂದು ಕೊಟ್ರೆ ಅದ್ಯಾವ್ ಲೆಕ್ಕ' ಅಂತ."

ಅದಾದ ಮೇಲೆ ಪಂಡಿತರು ಬಿನ್ನವತ್ತಳೆ ಬರೆಯುವುದನ್ನು ಬಿಟ್ಟರು. ಬಂದವರಿಗೆ, ಕಣ್ಣು ಸರಿಯಿಲ್ಲ ಎನ್ನುತ್ತಿದ್ದರು. ಅಷ್ಟು ಹೊತ್ತಿಗೆ ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ಡಿ.ಟಿ.ಪಿ. ಅಂಗಡಿ ಬಂದಿತ್ತು. ಅಲ್ಲಿ ಕಂಪ್ಯೂಟರಿನಲ್ಲಿ ಒಂದೇ ಒಂದು ಬಿನ್ನವತ್ತಳೆ ಇತ್ತು. ಹೆಸರು ಬದಲಾಯಿಸಿ, ಗುಲಾಬಿ ಬಾರ್ಡರ್ ಹಾಕಿ ಕೊಡುತ್ತಿದ್ದರು.

ಪಂಡಿತರು ನಿವೃತ್ತರಾದಾಗ ಓದಿದ್ದೂ ಅದನ್ನೇ. ನಾನು ಬರೆಯುತ್ತೇನೆ ಎಂದದ್ದಕ್ಕೆ, "ಬೇಡ, ಎಲ್ಲರಿಗೂ ಆಗೋ ಹಾಗೆ ನನಗೂ ಆಗಲಿ" ಎಂದರು. ಡಿ.ಟಿ.ಪಿ.ಯವನು ಹೆಸರನ್ನು ಸರಿಯಾಗಿಯೇ ಬದಲಾಯಿಸಿದ್ದ. ಹಿಂದಿನವರು ಆರೋಗ್ಯ ಇಲಾಖೆಯವರು ಎಂಬುದನ್ನು ಮರೆತಿದ್ದ. "ತಾವು ಹಳ್ಳಿಹಳ್ಳಿಗೆ ತೆರಳಿ ಕಂದಮ್ಮಗಳಿಗೆ ಹಾಕಿದ ಲಸಿಕೆಯು ಅಮೃತಬಿಂದುವಾಗಿದೆ" ಎಂದು ಸಾಹೇಬರು ಗಂಭೀರವಾಗಿ ಓದಿದರು. ಪಂಡಿತರು ಕಿವಿಯ ತುದಿ ಹಿಡಿದುಕೊಂಡು ನಗು ತಡೆಯುತ್ತಿದ್ದರು. ತಡೆಯುತ್ತಲೇ ಮತ್ತೆ ಮತ್ತೆ ಬಾಗಿಲ ಕಡೆ ನೋಡುತ್ತಿದ್ದರು. ಯಾರಿಗಾಗಿ ಎಂದು ನನಗೆ ಗೊತ್ತಿತ್ತು. ಕವಲಂದೆಗೆ ಕಾರ್ಡನ್ನು ಅವರೇ ಹೋಗಿ ಕೊಟ್ಟು ಬಂದಿದ್ದರು. ಊಟ ಮುಗಿಯುವ ತನಕ ಕೈ ತೊಳೆಯದೆ ಕೂತಿದ್ದರು. ಪುಟ್ಟಮಾದಯ್ಯನವರು ಬರಲಿಲ್ಲ.

ನಿವೃತ್ತಿಯಾಗಿ ಎರಡು ವರ್ಷಕ್ಕೆ, ಒಂದು ಬೆಳಿಗ್ಗೆ, ಪೇಪರ್ ಓದುತ್ತಿದ್ದ ಪಂಡಿತರು ಹಾಗೇ ಕುರ್ಚಿಯಲ್ಲಿ ಪಕ್ಕಕ್ಕೆ ವಾಲಿದರು. ಹೆಮ್ಮರಗಾಲದಲ್ಲಿ, ಅವರ ಅಣ್ಣನ ಗದ್ದೆಯ ಬದುವಿನ ಪಕ್ಕ ಮಣ್ಣು ಮಾಡಿದೆವು. ಕಚೇರಿಯಿಂದ ಒಂದು ಟೆಂಪೋ ತುಂಬ ಜನ ಹೋಗಿದ್ದರು. ಪುಟ್ಟಮಾದಯ್ಯನವರು ಅಲ್ಲಿಗೂ ಬಂದಿರಲಿಲ್ಲ.

ಶಿವಗಣಾರಾಧನೆಯ ಕಾರ್ಡುಗಳನ್ನು ಕಚೇರಿಯವರಿಗೆಲ್ಲ ಹಂಚುವ ಕೆಲಸವನ್ನು ಅವರ ಹೆಂಡತಿ ನನಗೆ ಒಪ್ಪಿಸಿದರು. "ಕವಲಂದೆಗೆ ಮಾತ್ರ ಮರೀದೇ ಹೋಗಪ್ಪಾ. ಅವರು ಆ ಹೆಸರನ್ನ ಬಹಳ ಸಲ ಹೇಳ್ತಿದ್ರು" ಎಂದರು. ಹೀಗೆ, ಎಷ್ಟೋ ವರ್ಷದ ಮೇಲೆ, ನನ್ನ ಭಾನುವಾರ ಬಂತು.

ಪುಟ್ಟಮಾದಯ್ಯನವರು ಜಗಲಿಯ ಮೇಲೆ ಕೂತು ಅವರೆಕಾಯಿ ಬಿಡಿಸುತ್ತಿದ್ದರು. ಒಳಗೆ ಗೋಡೆಯ ಮೇಲೆ ಬುದ್ಧನ ಪಟ, ಅದರ ಕೆಳಗೆ ಮಗನ ಮದುವೆಯ ಫೋಟೋ. ನನ್ನನ್ನು ಗುರುತು ಹಿಡಿದು ಚಾಪೆ ಎಳೆದರು. ಕಾರ್ಡು ತೆಗೆದುಕೊಂಡು, ಓದಿ, ಪಕ್ಕಕ್ಕಿಟ್ಟರು.

"ಗೊತ್ತಾಯ್ತು ಕಣಪ್ಪ, ಅವತ್ತೇ ಸುದ್ದಿ ಬಂತು. ನಾ ಬರಾಕಿಲ್ಲ. ತಪ್ಪು ತಿಳ್ಕಬ್ಯಾಡ."

"ಅವರು ಬರೆದದ್ದು ಮನಸಿಗೆ ನೋವಾಯ್ತು ಅಂತ ಗೊತ್ತು ಅಣ್ಣ. ಆದ್ರೆ ಅವರು ನಿಮ್ಮನ್ನ..."

"ಬರ್ದದ್ಕಲ್ಲ." ಅವರೆಕಾಯಿಯ ಸಿಪ್ಪೆಯನ್ನು ಒಂದು ಕಡೆ ಸರಿಸಿದರು. "ಬರ್ದದ್ದು ಬುಟ್ಟಾಕು. ಅವ್ರ ಪಾಂಡಿತ್ಯ ಅವ್ರುಗೆ. ತಿಳೀದೆ ಬರ್ದ್ರು ಅಂತ ನಾನೇ ಸಮಾದಾನ ಮಾಡ್ಕಂಡೆ. ಆದ್ರೆ ಅಂಗೆ ಅಣುಕ್ಸಿ ಓದ್ಸುದ್ರಲ್ಲ, ಅದು ತಿಳ್ದೂ ಮಾಡ್ದದ್ದು."

ನನಗೆ ಅರ್ಥವಾಗಲಿಲ್ಲ. "ಓದಿಸಿದ್ರಾ?"

"ಊಂ ಮತ್ತೆ. ನನ್ ಮಗ ಅವತ್ತು ಕೆಂಡ ಆಗೋಗಿದ್ದ. ನಿನ್ ಮೇಲೆ ಕಂಪ್ಲೇಂಟ್ ಬರ್ದು ಜೇಬಲ್ಲಿ ಮಡೀಕಂಡಿದ್ದ. ಜಾತಿ ಇಡ್ದು ಅವ್ಮಾನ ಮಾಡ್ದ ಅಂತ, ಮೇಲಿನ ಆಫೀಸ್ಗೇ ಕೊಡಾಕೆ. ಮಾರ್ನೆ ದಿನ್ವೇ ಪಂಡಿತ್ರು ಬಂದ್ರು, ಮಗ ಅದ್ನ ತೆಗ್ದು ತೋರ್ಸ್ದ. ಇಲ್ಲೇ ಕೂತ್ಕಂಡು, 'ಆ ಹುಡುಗನ ಮೇಲೆ ಕೊಡಬೇಡಿ, ಇನ್ನೂ ಪ್ರೊಬೇಶನ್ನು, ಕೆಲಸ ಹೋಗುತ್ತೆ, ಮನೇಲಿ ತಾಯಿ ಒಬ್ಬಳೇ. ಹಾಗೆ ಓದು, ಜನ ನಗಲಿ ಅಂತ ಹೇಳಿಕೊಟ್ಟದ್ದೇ ನಾನು. ನನ್ನ ಹೆಸರಿಗೆ ಕೊಡಿ' ಅಂದ್ರು. ಮಗ ಆ ಕಾಗ್ದಾನ ಅರ್ದಾಕ್ದ. ಅವ್ರ ವಯಸ್ಸು ನೋಡ್ಬುಟ್ಟು. ನಾನು ಮಾತ್ರ ಅವತ್ತಿಂದ..." ಒಂದು ಕಾಯಿ ಬಿಡಿಸಿ ಮೊರಕ್ಕೆ ಹಾಕಿದರು. "ಇಪ್ಪತ್ತು ವರ್ಸ ಒಂದೇ ಮಡ್ಕೆ ನೀರು ಕುಡ್ದೋರು ಕಣಪ್ಪ ನಾವು. ನನ್ನ ನೋಡಿ ಜನ ನಗ್ಲಿ ಅಂತ ಅವ್ರು ಯೋಳ್ಕೊಟ್ರಲ್ಲ ಅನ್ನೋದೇ ಹೊಟ್ಟೇಲಿ ಕೂತ್ಬುಡ್ತು."

ಒಂದು ಗಳಿಗೆ ನನಗೆ ಎದ್ದು ಹೋಗಿಬಿಡಬೇಕೆನಿಸಿತು. ಪಂಡಿತರು ಎಲ್ಲ ಅಚ್ಚುಕಟ್ಟಾಗಿ ಮುಚ್ಚಿಟ್ಟು ಹೋಗಿದ್ದರು. ನಾನು ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ಏನೂ ಆಗುತ್ತಿರಲಿಲ್ಲ.

"ಅವರು ಹೇಳಿಕೊಡಲಿಲ್ಲ ಅಣ್ಣ" ಎಂದೆ. "ನಿಧಾನಕ್ಕೆ ಓದು ಅಂತ ಹೇಳಿದ್ರು, ಅಷ್ಟೇ. ಮಿಮಿಕ್ರಿ ಮಾಡಿದ್ದು ನಾನೇ. ನೀವು ನಗೋದು ನಿಲ್ಲಿಸಿದ್ದನ್ನ ನೋಡಿದೆ. ಆದ್ರೂ ಮಾಡಿದೆ."

ಅವರ ಕೈ ನಿಂತಿತು. ನನ್ನ ಮುಖ ನೋಡಲಿಲ್ಲ. ಮೊರದಲ್ಲಿದ್ದ ಕಾಳನ್ನು ಬೆರಳಿನಿಂದ ಅತ್ತಿತ್ತ ಸರಿಸುತ್ತ ಬಹಳ ಹೊತ್ತು ಕೂತರು. ಒಳಗಿನಿಂದ ಸೊಸೆ ಟೀ ತಂದಿಟ್ಟು ಹೋದಳು. ಆರಿತು.

"ಮೂರ್ ಸಲ ಬಂದಿದ್ರು" ಎಂದರು. "ಮೂರನೇ ಸಲ ಬಾಗ್ಲು ದಾಟ್ದೋರು ತಿರ್ಗಿ ಬಂದು, ಬತ್ತೀನಿ ಪುಟ್ಟಮಾದಯ್ಯ ಅಂದ್ರು. ನಾ ಊಂ ಅನ್ನಿಲ್ಲ."

ಮೊರವನ್ನು ಪಕ್ಕಕ್ಕಿಟ್ಟರು.

"ನೀನು ಮೊದ್ಲೇ ಯೋಳಿದ್ರೆ ಮಣ್ಗಾದ್ರೂ ಬತ್ತಿದ್ದೆ ಕಣ್ಲಾ."

ಆಮೇಲೆ ಎದ್ದು, ಅಂಗಿ ಹಾಕಿಕೊಂಡು ಬಂದರು. ಶಿವಗಣಾರಾಧನೆಗೆ ಇನ್ನೂ ನಾಲ್ಕು ದಿನ ಇದೆ ಎಂದೆ. "ಅದು ಊಟ. ಎಲ್ಲಿ ಮಡಗವ್ರೋ ಅಲ್ಲಿಗೆ ಕರ್ಕಂಡೋಗು" ಎಂದರು. ನಂಜನಗೂಡಿಗೆ ಬಂದು ಹೆಮ್ಮರಗಾಲದ ಬಸ್ಸು ಹಿಡಿದೆವು. ನಾನು ಟಿಕೆಟಿಗೆಂದು ಜೇಬಿಗೆ ಕೈಹಾಕಿದಾಗ ನನ್ನ ಕೈ ಸರಿಸಿ ತಮ್ಮದು ತಾವೇ ತೆಗೆದುಕೊಂಡರು.

ಗದ್ದೆಯ ಬದುವಿನ ಪಕ್ಕ ಮಣ್ಣು ಇನ್ನೂ ಹಸಿಯಾಗಿತ್ತು. ಮೇಲೆ ಹಾಕಿದ್ದ ಹೂವು ಬಾಡಿ ಕಪ್ಪಾಗಿತ್ತು. ಪುಟ್ಟಮಾದಯ್ಯನವರು ಚಪ್ಪಲಿ ಕಳಚಿ, ತಲೆಯ ಕಡೆ ಬಂದು ನಿಂತರು. ಕಿವಿ ಮಂದವಾದವರ ಹತ್ತಿರ ಮಾತಾಡುವಾಗ ಬಗ್ಗುವ ಹಾಗೆ ಸ್ವಲ್ಪ ಬಗ್ಗಿದರು.

"ಸಾ, ನಾನು ಪುಟ್ಟಮಾದಯ್ಯ. ತಪ್ಪು ನಿಮ್ದಲ್ವಂತೆ ಸಾ. ಇವ್ನು ಇವತ್ತು ಯೋಳ್ದ."

ಆಮೇಲೆ ನನ್ನ ಕಡೆ ತಿರುಗಿದರು. "ನೀನೂ ಯೋಳು."

ನನಗೆ ತಾಲ್ಲೂಕಿನವರೆಲ್ಲರ ದನಿ ಬರುತ್ತದೆ. ಯಾವ ದನಿಯಲ್ಲಿ ಹೇಳಬೇಕೆಂದು ಗೊತ್ತಾಗಲಿಲ್ಲ. "ತಪ್ಪು ನಂದು ಸಾರ್" ಎಂದೆ. ನನಗೇ ಸರಿಯಾಗಿ ಕೇಳಿಸಲಿಲ್ಲ.

"ಅವತ್ತು ಮೈಕಿತ್ತು ನಿಂಗೆ" ಎಂದರು ಪುಟ್ಟಮಾದಯ್ಯನವರು. "ಇವತ್ತಿಲ್ಲ. ಒಸಿ ಜೋರಾಗೇ ಯೋಳು."

ಜೋರಾಗಿ ಹೇಳಿದೆ. ಪಕ್ಕದ ಗದ್ದೆಯಲ್ಲಿ ನೀರು ಕಟ್ಟುತ್ತಿದ್ದವನು ಗುದ್ದಲಿ ನಿಲ್ಲಿಸಿ, ತಲೆಯೆತ್ತಿ ನಮ್ಮ ಕಡೆ ನೋಡಿದ.